ದೊಡ್ಡವ್ವನ ಮನೆಗೆ ಸೇರಿಕೊಂಡ ದೆವ್ವ

ಮಸ್ಕಿಯಲ್ಲಿ ಮಂಜು ಬೀಳುತ್ತದೆ ಎಂದು ಬರೆದವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬೇಸಿಗೆಯಲ್ಲಿ ಒಮ್ಮೆಯಾದರೂ ನೀವು ಸಿಂಧನೂರಿನಿಂದ ಮಸ್ಕಿಗೆ ಬಸ್ಸಿನಲ್ಲಿ ಹೋಗಿದ್ದರೆ ಗೊತ್ತಿರುತ್ತದೆ, ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತದೆ. ಅಂಥ ಊರಿನ ಬೋಳು ಗುಡ್ಡಕ್ಕೆ ಆ ಮಹಾನುಭಾವ ದಟ್ಟವಾದ ಕಾಡು ಹೊದಿಸಿ, ಕಾಡಿಗೆ ಮಂಜು ಹೊದಿಸಿ, ಅದರೊಳಗೆ ಬಿಳಿ ಸೀರೆಯ ಹೆಂಗಸೊಬ್ಬಳನ್ನು ಅಡ್ಡಾಡಲು ಬಿಟ್ಟಿದ್ದ. ಕಾದಂಬರಿಯ ಹೆಸರು ‘ಮಸ್ಕಿಯ ಮುಸುಕುಗಾತಿ’. ಚಕ್ರವರ್ತಿಯೊಬ್ಬ ಬಂಡೆಯ ಮೇಲೆ ಹೆಸರು ಕೊರೆಸಿದ ಊರು ಅದು. ಆ ಬಂಡೆಯನ್ನು ನೋಡಲು ಬಾರದ ಮಂದಿ ಈ ಪುಸ್ತಕಕ್ಕೆ ಸಾಲು ನಿಂತರು.

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸಿಂಧನೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹಿಂದೆ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದ ಖಾದರ್ ಸಾಹೇಬರು ಒಂದು ದಿನ, “ಸರ್, ನಿಮ್ಮ ದೊಡ್ಡವ್ವನ ಊರಿನ ದೆವ್ವ ಬಂದೈತಿ, ಒಯ್ಯಿರಿ” ಎಂದು ಅದನ್ನು ನನ್ನ ಕೈಗಿಟ್ಟರು. ವ್ಯಾಕರಣದ ತಪ್ಪುಗಳಿಗೆ ನಗುತ್ತ ನಗುತ್ತ ಓದಿದೆ. ಓದಿ ಮುಗಿಸಿದ ಮೇಲೆ ಹಿತ್ತಲಿಗೆ ಹೋಗಲು ಹೆಂಡತಿಯನ್ನು ಜೊತೆಗೆ ಕರೆದೆ. ಅದನ್ನು ಅವಳು ಇನ್ನೂ ಮರೆತಿಲ್ಲ.

ಪುಸ್ತಕದ ತಪ್ಪನ್ನಾದರೂ ಕ್ಷಮಿಸಬಹುದು, ಓದುಗರ ಅಭಿಪ್ರಾಯಗಳನ್ನಲ್ಲ. ತುರ್ವಿಹಾಳದ ರೈತರೊಬ್ಬರು, “ನೀರಿಲ್ಲದ ಮಸ್ಕ್ಯಾಗ ದೆವ್ವ ಹೆಂಗ ಬಾಳ್ವಿ ಮಾಡತೈತ್ರಿ? ನಮ್ಮ ಕಾಲುವಿ ಕಡೆ ಬರಬೇಕಿತ್ತು” ಎಂದು ಬೇಸರಪಟ್ಟರು. ಲಿಂಗಸುಗೂರಿನ ವಕೀಲರೊಬ್ಬರು ಪುಸ್ತಕದ ರಟ್ಟು ಮಾತ್ರ ನೋಡಿ, “ಬೆಂಕಿ ಇಲ್ದ ಹೊಗಿ ಏಳಂಗಿಲ್ರಿ. ಏನೋ ನಡದೇ ಇರಬೇಕು” ಎಂದು ತೀರ್ಪು ಕೊಟ್ಟರು. ಇಂಥ ತೀರ್ಪುಗಳೆಲ್ಲ ಬಸ್ಸು ಹತ್ತಿ ಮಸ್ಕಿಗೆ ಹೋಗಿ ಇಳಿದದ್ದು ನನ್ನ ದೊಡ್ಡವ್ವ ಶಿವಗಂಗಮ್ಮನ ಬಾಗಿಲಿಗೆ.

ಕಾದಂಬರಿಯ ದೆವ್ವ ಇದ್ದದ್ದು ಗುಡ್ಡದ ಬುಡದ ನೀಲಿ ಬಾಗಿಲಿನ ಮನೆಯಲ್ಲಿ. ಮಸ್ಕಿಯಲ್ಲಿ ನೀಲಿ ಬಾಗಿಲುಗಳಿಗೇನೂ ಬರವಿರಲಿಲ್ಲ. ಆದರೆ ಗುಡ್ಡದ ಬುಡದಲ್ಲಿ ಆಗ ಖಾಲಿ ಬಿದ್ದಿದ್ದ ನೀಲಿ ಬಾಗಿಲಿನ ಮನೆ ದೊಡ್ಡವ್ವನದೊಂದೇ. ಗಂಡ ತೀರಿದ ಮೇಲೆ ಅವಳು ಪಕ್ಕದ ಸಣ್ಣ ಮನೆಯಲ್ಲಿದ್ದು, ಇದನ್ನು ಬಾಡಿಗೆಗೆ ಕೊಟ್ಟು ಜೀವನ ಸಾಗಿಸುತ್ತಿದ್ದಳು. ಬರುತ್ತೇನೆಂದು ಒಪ್ಪಿಕೊಂಡಿದ್ದ ಗುಮಾಸ್ತನೊಬ್ಬ ಹಾಸಿಗೆ ಸುರುಳಿಯನ್ನು ಬಂಡಿಯಿಂದ ಇಳಿಸದೆಯೇ ಹಿಂದಿರುಗಿದ. ದೊಡ್ಡವ್ವ ಬಾಗಿಲಿಗೆ ಹಸಿರು ಬಣ್ಣ ಬಳಿಸಿದಳು. “ನೋಡಿದ್ರೇನು, ಮುಚ್ಚಿಡಾಕತ್ತಾಳ” ಎಂದಿತು ಊರು.

ಸಿಟ್ಟು ನೆತ್ತಿಗೇರಿ ಅವಳು ಸಿಂಧನೂರಿಗೆ ಬಂದವಳೇ ನನ್ನನ್ನು ಎಳೆದುಕೊಂಡು ಖಾದರ್ ಸಾಹೇಬರ ಅಂಗಡಿಯ ಮುಂದೆ ನಿಂತಳು.

“ನಮ್ಮ ಮನ್ಯಾಗ ದೆವ್ವ ಐತಿ ಅಂತ ಬರದಾನಲ್ಲ, ಅವ ಬಂದು ನೋಡ್ಯಾನೇನು?”

“ಅಮ್ಮಾ, ಅದು ಬರೇ ಕತಿ ಐತ್ರಿ.”

“ಕತಿಯಾದ್ರ ತನ್ನ ಮನೀದು ಬರೀಲಿ! ನಮ್ಮೂರು ಯಾಕ ಬೇಕು?”

ಈ ಪ್ರಶ್ನೆಗೆ ಸಾಹಿತ್ಯಶಾಸ್ತ್ರದಲ್ಲಿ ಉತ್ತರವಿದೆಯೇ ಎಂದು ನಾನು ಹುಡುಕಿದ್ದೇನೆ, ಸಿಕ್ಕಿಲ್ಲ. ಖಾದರ್ ಸಾಹೇಬರು ಪುಸ್ತಕವನ್ನೇ ಅವಳ ಕೈಗೆ ಕೊಟ್ಟು ಕೈಮುಗಿದರು. ಅವಳಿಗೆ ಓದು ಬಾರದು. ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತು ನಾನೇ ಓದಿ ಹೇಳಿದೆ. ಗಂಡನೇ ಹೆಂಡತಿಯನ್ನು ಬಾವಿಗೆ ದೂಡುತ್ತಾನೆ. ಅವಳು ದೆವ್ವವಾಗುತ್ತಾಳೆ. ಕೊನೆಗೆ ಮಂತ್ರವಾದಿ ಬಂದು ಅವಳನ್ನು ಸುಡುತ್ತಾನೆ, ಗಂಡನಿಗೆ ಎರಡನೆಯ ಮದುವೆಯಾಗುತ್ತದೆ. ಶುಭಂ.

ದೊಡ್ಡವ್ವ ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು ಮುಚ್ಚಿಟ್ಟಳು. ಆಮೇಲೆ, “ಅಲ್ಲೋ ಬಸು, ದೂಡಿದಾಂವ ಆರಾಮ ಅದಾನ. ಸತ್ತಾಕಿಗೆ ಎಲ್ಲಾರೂ ಅಂಜಾಕತ್ತಾರ. ಅವಗ ಒಬ್ಬರೂ ಅಂಜಲಿಲ್ಲಲ್ಲೋ!” ಎಂದಳು. ಆ ಪುಸ್ತಕದ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲಿ ಪುಸ್ತಕವನ್ನು ಪೂರ್ತಿ ಕೇಳಿ ಹೇಳಿದ ಅಭಿಪ್ರಾಯ ಅದೊಂದೇ.

ಮನೆ ಮಾತ್ರ ಖಾಲಿಯೇ ಉಳಿಯಿತು. ಮುಂದಿನ ಸುಗ್ಗಿ ಕಳೆದ ಮೇಲೆ ಸುಶೀಲಾ ಎಂಬ ನರ್ಸ್ ಲಿಂಗಸುಗೂರಿನಿಂದ ಮಸ್ಕಿಗೆ ವರ್ಗವಾಗಿ ಬಂದು ಮನೆ ಕೇಳಿದಳು. ಒಂಟಿ ಹೆಣ್ಣುಮಗಳು. ಅವತ್ತು ನಾನೂ ಅಲ್ಲಿದ್ದೆ. ದೊಡ್ಡವ್ವನಿಗೆ ಸುಳ್ಳು ಹೇಳಿ ಗೊತ್ತಿಲ್ಲ.

“ಮೊದ್ಲೇ ಹೇಳ್ತೀನಿ ತಂಗಿ, ಈ ಮನಿ ಬಗ್ಗೆ ಮಂದಿ ಏನೇನೋ ಅಂತಾರ.”

“ಗೊತ್ತೈತಿ ಅವ್ವಾ. ಆ ಪುಸ್ತಕ ಓದೀನಿ. ಅದಕ್ಕ ಬಂದೀನಿ.”

ನಾವಿಬ್ಬರೂ ಅವಳ ಮುಖ ನೋಡಿದೆವು. ಸುಶೀಲಾ ತಲೆ ತಗ್ಗಿಸಿ ಹೇಳಿದಳು: “ಒಬ್ಬಾಕಿನ ಇರ್ತೀನಿ ಅಂತ ಗೊತ್ತಾದ್ರ ಸಾಕು, ಕತ್ತಲಾದ ಮ್ಯಾಲೆ ಯಾರರೆ ಬಂದು ಬಾಗಿಲ ಬಡೀತಾರ್ರಿ. ತಲಿನೋವು, ಗುಳಿಗಿ ಕೊಡು ಅಂತಾರ. ಕುಡಿದಿರತಾರ. ಹಿಂಗಾಗಿ ಅಲ್ಲಿ ಮನಿ ಬದಲಿಸಿ ಬದಲಿಸಿ ಸಾಕಾತು. ದೆವ್ವ ಇರೋ ಮನಿ ಕಡೆ ಅಂಥಾವ್ರು ಬರಂಗಿಲ್ಲಲ್ರಿ?”

ದೊಡ್ಡವ್ವ ಎದ್ದು ಒಳಗೆ ಹೋಗಿ ಬೀಗದ ಕೈ ತಂದು ಅವಳ ಅಂಗೈಯಲ್ಲಿಟ್ಟಳು. ಅವಳ ಸಿಟ್ಟು ತಣ್ಣಗಾಗಲಿಲ್ಲ. ಯಾರ ಮೇಲೆ ಸಿಟ್ಟಾಗಬೇಕು ಎಂಬುದು ಮಾತ್ರ ಅವತ್ತು ಬದಲಾಯಿತು.

ಇದರ ಪೂರ್ತಿ ಅರ್ಥ ನನಗಾದದ್ದು ಒಂದೆರಡು ವರ್ಷದ ಮೇಲೆ. ಮಸ್ಕಿಯ ಶಾಲೆಯೊಂದರಲ್ಲಿ ಮೂಢನಂಬಿಕೆಯ ಬಗ್ಗೆ ಭಾಷಣಕ್ಕೆ ಕರೆದಿದ್ದರು. ನಾನು ಹುರುಪಿನಲ್ಲಿ ‘ಮುಸುಕುಗಾತಿ’ಯನ್ನು ಹರಿದು ಚಿಂದಿ ಮಾಡಿದೆ. ದೆವ್ವವೂ ಇಲ್ಲ, ಗಿವ್ವವೂ ಇಲ್ಲ, ಬೇಕಾದರೆ ನಮ್ಮ ದೊಡ್ಡವ್ವನ ಮನೆಗೇ ಹೋಗಿ ನೋಡಿ ಎಂದೆ. ಚಪ್ಪಾಳೆಯೋ ಚಪ್ಪಾಳೆ. ಅದರ ಗುಂಗಿನಲ್ಲೇ ಊಟಕ್ಕೆ ಹೋದರೆ, ಸುದ್ದಿ ಆಗಲೇ ಕಿವಿಗೆ ಬಿದ್ದಿದ್ದ ದೊಡ್ಡವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ನಿಂತಳು.

“ನಿನ್ನ ಬಾಯಿಗೆ ಮಣ್ಣು ಹಾಕ! ದೆವ್ವ ಇಲ್ಲ ಅಂತ ನಿನಗ ಯಾರು ಹೇಳಿದ್ರು? ನಾಳಿಂದ ಆ ಹುಡುಗಿ ಬಾಗಿಲ ನೀ ಬಂದು ಕಾಯ್ತೀಯೇನು?”

ನಾನು ಕಲಿತ ವಿಚಾರವಾದವನ್ನೆಲ್ಲ ರೊಟ್ಟಿಯ ಜೊತೆ ನುಂಗಿ ಎದ್ದೆ. ಸಂಜೆ ಬಸ್ಸಿಗೆ ಕಾಯುವಾಗ ಚಹಾದಂಗಡಿಯವನು, “ಸರ್, ಖರೇನ ಆ ಮನ್ಯಾಗ ಏನೂ ಇಲ್ಲೇನ್ರಿ?” ಎಂದು ಕೇಳಿದ. ಸುತ್ತಲಿನವರೂ ಕಿವಿ ನಿಮಿರಿಸಿದರು. ನಾನು ದನಿ ತಗ್ಗಿಸಿ, “ವೇದಿಕಿ ಮ್ಯಾಲೆ ಹಂಗ ಹೇಳಬೇಕಾಗತೈತ್ರಿ” ಎಂದೆ.

ಸುಶೀಲಾ ಆ ಮನೆಯಲ್ಲಿ ಬಹಳ ವರ್ಷ ಇದ್ದಳು. ತಲೆನೋವಿನವರು ಯಾರೂ ಬರಲಿಲ್ಲವಂತೆ. ಹೆರಿಗೆ ನೋವು ಎದ್ದ ಮನೆಯವರು ಮಾತ್ರ ಹೊತ್ತುಗೊತ್ತಿಲ್ಲದೆ ಓಡಿಬಂದು ಬಾಗಿಲು ಬಡಿಯುತ್ತಿದ್ದರು. ಆ ಹೊತ್ತಿನಲ್ಲಿ ದೆವ್ವದ ನೆನಪು ಅವರಲ್ಲಿ ಯಾರಿಗೂ ಇರುತ್ತಿರಲಿಲ್ಲ.