ಟಾರ್ಚ್ ಹಿಡಿದವಳು

ನಮ್ಮ ದಾಖಲೆ ಕಚೇರಿಯಲ್ಲಿ ಏಳು ಜೆರಾಕ್ಸ್ ಮಷೀನುಗಳಿದ್ದವು. ಏಳೂ ಒಟ್ಟಿಗೆ ಸರಿಯಾಗಿ ಕೆಲಸ ಮಾಡಿದ ಒಂದು ದಿನವೂ, ನಾನು ಅಲ್ಲಿದ್ದ ಇಪ್ಪತ್ತೆರಡು ವರ್ಷಗಳಲ್ಲಿ, ನೆನಪಿಗೆ ಬರುವುದಿಲ್ಲ. ಅವುಗಳನ್ನು ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್ ಇದ್ದ. ಕಚೇರಿಯ ನೌಕರನಲ್ಲ, ಮೂರು ವರ್ಷಕ್ಕೊಮ್ಮೆ ಗುತ್ತಿಗೆ ನವೀಕರಿಸಿಕೊಳ್ಳುತ್ತಿದ್ದವನು. ಮಷೀನಿನ ಬಾಗಿಲು ತೆಗೆಯುವ ಮೊದಲು ಸುತ್ತ ನಿಂತವರನ್ನೆಲ್ಲ ದೂರ ಸರಿಸಿ, ತನ್ನ ಅಗಲವಾದ ಬೆನ್ನನ್ನು ಅಡ್ಡವಾಗಿಟ್ಟುಕೊಂಡು ಕೂರುತ್ತಿದ್ದ. ಒಳಗೆ ಏನು ಮಾಡಿದ ಎಂಬುದು ಅವನಿಗೂ ಮಷೀನಿಗೂ ಬಿಟ್ಟ ವಿಷಯ. ಬಾಗಿಲಿನ ಒಳಮೈಗೆ ಒಂದು ಸರ್ವಿಸ್ ಕಾರ್ಡ್ ಅಂಟಿಸಿರುತ್ತಿತ್ತು. ಕೆಲಸ ಮುಗಿದ ಮೇಲೆ ಅದರಲ್ಲಿ ತಾರೀಕು, ಮಾಡಿದ ರಿಪೇರಿ, ಪಕ್ಕದ ಚೌಕದಲ್ಲಿ ಸಹಿ. ಅವನ ಸಹಿ ದೊಡ್ಡದು. ಕೊನೆಯಲ್ಲಿ ಎಳೆದ ಬಾಲ ಚೌಕ ದಾಟಿ ಕಾರ್ಡಿನ ಅಂಚಿನವರೆಗೂ ಹೋಗುತ್ತಿತ್ತು.

ಒಂದು ದಿನ ಅವನ ಜೊತೆ ಒಬ್ಬ ಹೆಂಗಸು ಬಂದಳು. ವಯಸ್ಸು ಮೂವತ್ತನಾಲ್ಕು. ಅವನ ಹೆಂಡತಿಯ ತಂಗಿ. ಗಂಡನನ್ನು ಬಿಟ್ಟು ಬಂದು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಬಿಟ್ಟ ಕಾರಣವನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಯವರೆಗೆ ಒಂದು ಸಿದ್ಧ ಉಡುಪಿನ ಅಂಗಡಿಗೆ ಶರಟಿನ ಕಾಜಾಗಳನ್ನು ಕೈಯಲ್ಲಿ ಹೊಲಿದುಕೊಡುತ್ತಿದ್ದಳು. ಅಂಗಡಿಯವರು ಕಾಜಾ ಹೊಲಿಯುವ ಯಂತ್ರ ತಂದರು, ಇವಳ ಕೆಲಸ ಹೋಯಿತು. ಆಮೇಲೆ ಮೂರು ತಿಂಗಳು, ನನಗೂ ಯಂತ್ರದ ಕೆಲಸ ಕಲಿಸಿ ಎಂದು ಭಾವನ ತಲೆ ತಿಂದಿದ್ದಳು. ಸ್ಕ್ರೂ ಡ್ರೈವರನ್ನು ಯಾವ ಕಡೆ ತಿರುಗಿಸಿದರೆ ಬಿಗಿ, ಯಾವ ಕಡೆ ಸಡಿಲ ಎಂಬುದೂ ಆಗ ಅವಳಿಗೆ ಗೊತ್ತಿರಲಿಲ್ಲ. ಕೊನೆಗೆ ಭಾವ ಒಂದು ಷರತ್ತಿನ ಮೇಲೆ ಒಪ್ಪಿದ: ಟಾರ್ಚ್ ಹಿಡಿಯಬೇಕು, ಬಾಯಿ ಬಿಡಬಾರದು.

ಎರಡನ್ನೂ ಅವಳು ಪಾಲಿಸಿದಳು. ವಾರ ಕಳೆಯುವುದರೊಳಗೆ ಕಚೇರಿ ಅವಳಿಗೆ ಟಾರ್ಚಕ್ಕ ಎಂದು ಹೆಸರಿಟ್ಟಿತು. ಬಡ್ತಿಗಾಗಿ ಹನ್ನೊಂದು ವರ್ಷದಿಂದ ಕಾಯುತ್ತಿದ್ದ ಒಬ್ಬ ಗುಮಾಸ್ತ ಅವಳನ್ನು ಕಂಡಾಗಲೆಲ್ಲ, "ಟಾರ್ಚಕ್ಕ, ನನ್ನ ಭವಿಷ್ಯದ ಕಡೆಗೂ ಸ್ವಲ್ಪ ಬಿಡಿ" ಅನ್ನುತ್ತಿದ್ದ. ಅವಳು ನಗುತ್ತಿರಲಿಲ್ಲ, ಬೇಸರವನ್ನೂ ಮಾಡಿಕೊಳ್ಳುತ್ತಿರಲಿಲ್ಲ.

ಭಾವ ಕಲಿಸಲಿಲ್ಲ. ಅವನ ಪಾಠವೆಲ್ಲ ಮೂರು ಪದಗಳಲ್ಲಿತ್ತು: ಮೇಲೆ, ಎಡಕ್ಕೆ, ಅಲ್ಲಾಡಿಸಬೇಡ. ಆದರೆ ಬೆಳಕು ಬೀಳಬೇಕಾದ ಜಾಗವನ್ನು ತೋರಿಸದೆ ಅವನಿಗೆ ವಿಧಿಯಿರಲಿಲ್ಲ. ಬೆಳಕು ಹಿಡಿದವಳು ಆ ಜಾಗವನ್ನು ನೋಡದೆ ಇರುವುದೂ ಸಾಧ್ಯವಿರಲಿಲ್ಲ. ಕಾಗದ ಸಿಕ್ಕಿಕೊಂಡರೆ ಅವನ ಕೈ ಮೊದಲು ಎಲ್ಲಿಗೆ ಹೋಗುತ್ತದೆ, ಮಸಿ ಚೆಲ್ಲಿದರೆ ಎಲ್ಲಿಗೆ, ಕರಕಲು ವಾಸನೆ ಬಂದರೆ ಎಲ್ಲಿಗೆ ಎಂದು ಅವಳು ಗುರುತು ಮಾಡಿಕೊಂಡಳು. ಕಚೇರಿಯ ಕಸದಬುಟ್ಟಿಯಿಂದ ಹಾಳಾದ ಹಾಳೆಗಳನ್ನು ಒಯ್ದು, ಅವುಗಳ ಬೆನ್ನ ಮೇಲೆ ಮಷೀನಿನ ಒಳಭಾಗದ ಚಿತ್ರ ಬರೆಯುತ್ತಿದ್ದಳು. ಚಿತ್ರ ಅಂದವಾಗಿರಲಿಲ್ಲ, ಸರಿಯಾಗಿತ್ತು. ಪ್ರತಿ ಸ್ಕ್ರೂವಿನ ಜಾಗದಲ್ಲಿ ಒಂದು ಸೊನ್ನೆ, ಉದ್ದ ಸ್ಕ್ರೂ ಆದರೆ ಸೊನ್ನೆಗೆ ಒಂದು ಕಾಲು. ಮುಂದೆ ಅವಳೇ ಬಿಚ್ಚಲು ಶುರು ಮಾಡಿದಾಗ, ತೆಗೆದ ಸ್ಕ್ರೂಗಳನ್ನು ಆ ಚಿತ್ರದ ಮೇಲೆಯೇ ಗೋಂದು ಪಟ್ಟಿಯಿಂದ ಅಂಟಿಸಿಡುತ್ತಿದ್ದಳು. ಅವಳ ಕೈಯಲ್ಲಿ ಒಂದು ಸ್ಕ್ರೂ ಕೂಡ ಹೆಚ್ಚಿಗೆ ಉಳಿದದ್ದಿಲ್ಲ. ಭಾವನ ಜೇಬಿನಲ್ಲಿ ಯಾವಾಗಲೂ ನಾಲ್ಕೈದು ಉಳಿದಿರುತ್ತಿದ್ದವು.

ಅವಳು ತಪ್ಪು ಮಾಡಿದ್ದು ನಾಲ್ಕನೆಯ ತಿಂಗಳಲ್ಲಿ. ಈ ಮಷೀನುಗಳ ಹೊಟ್ಟೆಯಲ್ಲಿ ಡ್ರಮ್ ಎಂಬ ಒಂದು ಕೊಳವೆ ಇದೆ, ಹಸಿರು ಹೊಳಪಿನದು. ಅಕ್ಷರಗಳ ಅಚ್ಚು ಮೂಡುವುದು ಅದರ ಮೈಮೇಲೆ. ಬಿಸಿಲು ತಾಗಿದರೆ ಅದು ಕೆಟ್ಟಂತೆಯೇ. ಹೊರಗೆ ತೆಗೆದ ಕೂಡಲೇ ಕಪ್ಪು ಬಟ್ಟೆಯಲ್ಲಿ ಸುತ್ತಿಡಬೇಕು. ಅಂದು ಭಾವ ಡ್ರಮ್ಮನ್ನು ತೆಗೆದು ಅವಳ ಕೈಗೆ ಕೊಟ್ಟು, ಒರೆಸಿಡು ಎಂದ, ಬಟ್ಟೆಯ ಮಾತೆತ್ತಲಿಲ್ಲ. ಗೀರುಗಳಿವೆಯೇ ಎಂದು ಚೆನ್ನಾಗಿ ನೋಡಬೇಕೆಂದು ಅವಳು ಅದನ್ನು ಕಿಟಕಿಯ ಕಟ್ಟೆಯ ಮೇಲೆ, ಮಧ್ಯಾಹ್ನದ ಬಿಸಿಲಲ್ಲಿ ಇಟ್ಟುಕೊಂಡು, ಹೊರಳಿಸಿ ಹೊರಳಿಸಿ, ಕಾಲು ಗಂಟೆ ಒರೆಸಿದಳು. ಭಾವ ಬಾಗಿಲ ಬಳಿ ಟೀ ಕುಡಿಯುತ್ತಿದ್ದ. ಮತ್ತೆ ಜೋಡಿಸಿದ ಮೇಲೆ ಹೊರಬಂದ ಪ್ರತಿಯೊಂದು ಹಾಳೆಯ ನಡುವೆಯೂ ಅಂಗೈಯಗಲದ ಕಪ್ಪು ಪಟ್ಟಿ. ಡ್ರಮ್ಮಿನ ಆಯಸ್ಸು ಮುಗಿದಿತ್ತು ಎಂದು ಅವನು ಕಚೇರಿಗೆ ಬರೆದುಕೊಟ್ಟ. ಮೆಟ್ಟಿಲಿಳಿಯುವಾಗ ಅವಳಿಗೆ ಹೇಳಿದನಂತೆ: "ನಿನ್ನ ಹೆಸರು ಹೇಳಿದ್ರೆ ನಾಳೆಯಿಂದ ಗೇಟೊಳಗೂ ಬಿಡಲ್ಲ ನಿನ್ನ. ಮುಚ್ಚಿ ಹಾಕಿದ್ದೀನಿ. ಇನ್ನು ಮೇಲೆ ಹೇಳಿದಷ್ಟು ಮಾಡ್ಕೊಂಡಿರು."

ಅವಳು ಅದನ್ನು ಉಪಕಾರವೆಂದೇ ತಿಳಿದಳು. ಆರು ವರ್ಷ ಹಾಗೆಯೇ ತಿಳಿದಿದ್ದಳು.

ಎರಡನೆಯ ವರ್ಷದ ಕೊನೆಗೆ ಅವನ ಬಲಗೈ ನಡುಗತೊಡಗಿತು. ಮೊದಮೊದಲು ಸ್ಕ್ರೂಗಳು ಜಾರಿ ಮಷೀನಿನೊಳಗೆ ಬೀಳುತ್ತಿದ್ದವು, ಅವಳು ಹೆಕ್ಕಿಕೊಡುತ್ತಿದ್ದಳು. ಆಮೇಲೆ ಅವಳೇ ತಿರುಗಿಸತೊಡಗಿದಳು. ಸ್ವಲ್ಪ ದಿನದಲ್ಲೇ ಪೂರ್ತಿ ಕೆಲಸ ಅವಳದಾಯಿತು. ಅವನ ಅಗಲವಾದ ಬೆನ್ನು ಈಗ ಅವಳ ಕೈಗಳನ್ನು ಮರೆಮಾಡುವ ಪರದೆ. ಕಾರಿಡಾರಿನಲ್ಲಿ ಯಾರಾದರೂ ಬರುವ ಸಪ್ಪಳವಾದರೆ ಇಬ್ಬರೂ ಥಟ್ಟನೆ ಜಾಗ ಬದಲಿಸುತ್ತಿದ್ದರು. ಇದು ನಾಲ್ಕು ವರ್ಷ ನಡೆಯಿತು. ಆ ಅವಧಿಯಲ್ಲಿ ನಮ್ಮ ಮಷೀನುಗಳು ಹಿಂದೆಂದಿಗಿಂತ ಕಡಿಮೆ ಕೆಟ್ಟವು. ಯಾಕೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೆಟ್ಟಾಗ ಮಾತ್ರ ಯಂತ್ರದ ಕಡೆ ತಿರುಗಿ ನೋಡುವವರು ನಾವು.

ಸಹಿಯೂ ಅವನ ಕೈಯಲ್ಲಿ ಕೂರದಾಯಿತು. ನೀನೇ ಹಾಕು ಎಂದ. ಹಾಳಾದ ಹಾಳೆಗಳ ಮೇಲೆ ಒಂದು ವಾರ ತಿದ್ದಿ ಅವಳು ಅವನ ಸಹಿಯನ್ನು ಕಲಿತಳು. ಒಂದೇ ಒಂದು ವ್ಯತ್ಯಾಸ ಉಳಿಯಿತು: ಬಾಲದ ಗೆರೆ ಚೌಕದೊಳಗೇ ನಿಲ್ಲುತ್ತಿತ್ತು. ಅಂಚು ಮೀರದೆ ಕಾಜಾ ಹೊಲಿದ ಕೈ ಅದು. ಏಳು ಮಷೀನುಗಳ ಬಾಗಿಲಲ್ಲಿ ಈ ವ್ಯತ್ಯಾಸ ನಾಲ್ಕು ವರ್ಷ ಎಲ್ಲರ ಕಣ್ಣೆದುರಿಗಿತ್ತು. ದಾಖಲೆಗಳನ್ನು ಪರಿಶೀಲಿಸುವುದೇ ಕೆಲಸವಾಗಿದ್ದ ಅರವತ್ತು ಜನರಲ್ಲಿ ಒಬ್ಬರೂ ಅದನ್ನು ನೋಡಲಿಲ್ಲ. ಆ ಅರವತ್ತರಲ್ಲಿ ನಾನೂ ಸೇರಿದ್ದೇನೆ.

ಮತ್ತೆ ಗುತ್ತಿಗೆ ನವೀಕರಿಸುವ ವರ್ಷ ಬಂದಿತು. ಈ ಸಲ ಹೊಸ ನಿಯಮ ಬಂದಿತ್ತು: ಯಾರು ಬೇಕಾದರೂ ಅರ್ಜಿ ಹಾಕಬಹುದು, ಆದರೆ ಮೂರು ವರ್ಷ ರಿಪೇರಿ ಮಾಡಿದ ಅನುಭವಕ್ಕೆ ಲಿಖಿತ ಪುರಾವೆ ಬೇಕು. ಅವಳಿಗೆ ಆಗ ನಲವತ್ತು. ತನ್ನ ಹೆಸರಿನಲ್ಲಿ ಕೆಲಸ ಸಿಕ್ಕರೆ ಅಕ್ಕನ ಮನೆಯ ಹಿಂದಿನ ಕೋಣೆ ಬಿಟ್ಟು ಬೇರೆ ಮನೆ ಮಾಡಬಹುದು, ಯಾರ ಬೆನ್ನಿನ ಮರೆಯೂ ಬೇಕಿಲ್ಲ. ಅದಕ್ಕೆ ಬೇಕಾದದ್ದು ಭಾವನಿಂದ ಒಂದು ಕಾಗದ, ಅಷ್ಟೇ.

ಒಂದು ಸಂಜೆ ಕೇಳಿದಳು. ಅಕ್ಕ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದಳು.

"ಭಾವ, ಈ ಸಲ ನಾನು ಅರ್ಜಿ ಹಾಕ್ತೀನಿ. ನಾಲ್ಕು ವರ್ಷದಿಂದ ಕೆಲಸ ಮಾಡ್ತಿರೋದು ನಾನೇ ಅಂತ ನೀವೊಂದು ಕಾಗದ ಕೊಡಿ. ನಿಮ್ಮನ್ನ ಕೈ ಬಿಡಲ್ಲ."

"ನನ್ನ ಕೈ ಕೆಲಸಕ್ಕೆ ಬರಲ್ಲ ಅಂತ ನಾನೇ ಬರೆದು ಕೊಡ್ಲಾ? ಇಪ್ಪತ್ತೈದು ವರ್ಷದ ಹೆಸರು ಕಣಮ್ಮ ಅದು." ಜೊತೆಗೆ ಸೇರಿಸಿದ, "ಡ್ರಮ್ ಸುಟ್ಟೋಳು ಮೆಕ್ಯಾನಿಕ್ ಅಂತೆ."

ಮಾತು ಬಿಗಿಯಾಗುತ್ತಿದೆ ಎಂದು ಅಕ್ಕ ನಗಿಸಲು ನೋಡಿದಳು. "ಬಿಡೀಂದ್ರೆ. ಅವತ್ತು ನೀವೇ ಮನೆಗೆ ಬಂದು ನಕ್ಕಿದ್ದು ಮರೆತ್ರಾ? ಇವಳು ಅದನ್ನ ಬಿಸಿಲಿಗೆ ಇಡೋದು ನೋಡ್ತಾ ನೋಡ್ತಾನೇ ಟೀ ಮುಗಿಸ್ದೆ, ಒಂದು ಪಾಠ ಆಗ್ಲಿ ಅಂತ ಸುಮ್ನಿದ್ದೆ ಅಂದ್ರಲ್ಲ."

ಅಕ್ಕ ಮಡಿಸಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. ತಂಗಿ ಎದ್ದು ಹಿಂದಿನ ಕೋಣೆಗೆ ಹೋದಳು. ಮರುದಿನ ಕಚೇರಿಗೆ ಎರಡು ಅರ್ಜಿಗಳು ಬಂದವು, ಒಂದೇ ಮನೆಯ ವಿಳಾಸದಿಂದ.

ಅರ್ಜಿಗಳನ್ನು ನೋಡಲು ಮೂವರ ಸಮಿತಿ: ಲೆಕ್ಕಪತ್ರದ ಅಧಿಕಾರಿ, ಉಗ್ರಾಣದ ಅಧಿಕಾರಿ, ನಾನು. ಮೊದಲು ಅವನನ್ನು ಕರೆದೆವು. ಮಾತಾಡುವಷ್ಟು ಹೊತ್ತೂ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ. ಚಳಿಯಿರಬಹುದು ಎಂದುಕೊಂಡೆ. ಇನ್ನೊಂದು ಅರ್ಜಿಯವಳು ನಿನ್ನ ಜೊತೆ ಏನು ಮಾಡುತ್ತಿದ್ದಳು ಎಂದು ಉಗ್ರಾಣದವರು ಕೇಳಿದರು.

"ಟಾರ್ಚ್ ಹಿಡೀತಿದ್ಲು ಸಾರ್. ಮನೇಲಿ ಸುಮ್ನೆ ಕೂತಿರ್ತಾಳಲ್ಲ, ಹೊತ್ತು ಹೋಗ್ಲಿ ಅಂತ ಕರ್ಕೊಂಡು ಬರ್ತಿದ್ದೆ."

ಆಮೇಲೆ ಅವಳು ಬಂದಳು. ಅನುಭವಕ್ಕೆ ಪುರಾವೆ ಎಲ್ಲಿ ಎಂದರೆ, ಯಾವ ಮಷೀನಿನದಾದರೂ ಸರ್ವಿಸ್ ಕಾರ್ಡ್ ತರಿಸಿ ಎಂದಳು. ತರಿಸಿದೆವು. ಅದನ್ನು ಮೇಜಿನ ಮೇಲಿಟ್ಟು, ಒಂದು ಬಿಳಿ ಹಾಳೆ ಕೇಳಿ ಪಡೆದು, ನಮ್ಮೆದುರಿಗೇ ಭಾವನ ಸಹಿಯನ್ನು ಮೂರು ಸಲ ಹಾಕಿದಳು. ಮೂರೂ ಕಾರ್ಡಿನಲ್ಲಿದ್ದವುಗಳ ತದ್ರೂಪ. ಹಳೆಯ ಸಹಿಗಳ ಬಾಲ ಚೌಕ ದಾಟಿರುವುದನ್ನೂ, ಈಚಿನ ನಾಲ್ಕು ವರ್ಷಗಳವು ಒಳಗೇ ನಿಂತಿರುವುದನ್ನೂ ಬೆರಳಿಟ್ಟು ತೋರಿಸಿದಳು.

"ಇವೆಲ್ಲ ನನ್ನ ಸಹಿ. ಕೆಲಸ ಮಾಡಿದವರು ತಾನೇ ಸಹಿ ಹಾಕೋದು?"

ಅವಳ ಲೆಕ್ಕದಲ್ಲಿ ಅದು ಪುರಾವೆ. ಉಗ್ರಾಣದವರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಬೇರೆಯವರ ಸಹಿಯನ್ನ ನಾಲ್ಕು ವರ್ಷ ನೀವು ಹಾಕಿದ್ದೀರಿ ಅಂತ ಒಪ್ಕೋತೀರಾ?"

"ಕೆಲಸ ನಾನು ಮಾಡಿದ್ದು ಅಂತ ಹೇಳ್ತಿದ್ದೀನಿ ಸಾರ್."

"ಕೇಳಿದ್ದಕ್ಕೆ ಉತ್ತರ ಹೇಳಿ."

ಅವಳು ನನ್ನ ಕಡೆ ನೋಡಿದಳು. ನಾನೂ ಹೆಂಗಸು ಎಂದು ನೋಡಿದಳೋ, ನನ್ನ ಮಹಡಿಯ ಮಷೀನನ್ನೇ ತಾನು ಹೆಚ್ಚು ಸಲ ಬಿಚ್ಚಿದ್ದೇನೆ ಎಂದು ನೋಡಿದಳೋ. ನಾನು ಕಾರ್ಡಿನ ತಾರೀಕುಗಳನ್ನು ಓದತೊಡಗಿದೆ. "ಹೌದು, ಹಾಕಿದ್ದೀನಿ" ಎಂದಳು.

ಪಕ್ಕದ ಕೋಣೆಯಲ್ಲಿ ಅಂದೇ ಒಂದು ಮಷೀನು ಕೆಟ್ಟು ನಿಂತಿತ್ತು. ಇಬ್ಬರನ್ನೂ ಅದರ ಮುಂದೆ ಕೂರಿಸಿ, ರಿಪೇರಿ ಮಾಡಿ ಎಂದಿದ್ದರೆ ಅರ್ಧ ಗಂಟೆಯಲ್ಲಿ ಸತ್ಯ ತಿಳಿಯುತ್ತಿತ್ತು. ಅದು ನನಗೆ ಹೊಳೆಯಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಳೆಯಿತು. ನಿಯಮದಲ್ಲಿ ಅಂಥ ಪರೀಕ್ಷೆ ಇರಲಿಲ್ಲ, ಇಲ್ಲದ್ದನ್ನು ಮಾಡುವವಳು ನಾನಲ್ಲ. ಎರಡು ಅರ್ಜಿಗಳೂ ತಿರಸ್ಕೃತವಾದವು. ಅವನದು ಸುಳ್ಳು ದಾಖಲೆ ನೀಡಿದ್ದಕ್ಕೆ, ಅವಳದು ಸಹಿ ನಕಲು ಮಾಡಿದ್ದಕ್ಕೆ. ನಮ್ಮ ಯಾವ ಶಾಖೆಯಲ್ಲೂ ಅವಳು ಕೆಲಸ ಮಾಡುವಂತಿಲ್ಲ ಎಂಬ ವಾಕ್ಯವನ್ನೂ ಸೇರಿಸಲಾಯಿತು. ನನ್ನ ಭಾಷೆ ಚೆನ್ನಾಗಿದೆಯೆಂದು ಆ ವಾಕ್ಯವನ್ನು ನನ್ನಿಂದಲೇ ಬರೆಸಿದರು. ವಾಕ್ಯದಲ್ಲಿ ದೋಷವಿರಲಿಲ್ಲ. ನಿಯಮವೂ ತಪ್ಪಾಗಿತ್ತೆಂದು ನಾನು ಇಂದಿಗೂ ಹೇಳುವುದಿಲ್ಲ.

ಗುತ್ತಿಗೆ ಹೊರಗಿನ ಒಂದು ಸಂಸ್ಥೆಗೆ ಹೋಯಿತು. ಅವರ ಕಡೆಯವರು ಕರೆದ ಮೂರನೆಯ ದಿನ ಬರುತ್ತಿದ್ದರು.

ಅವಳು ಅಂದು ಮನೆಗೆ ಹೋದಾಗ ಭಾವ ಎದ್ದು ಹೊರಗೆ ಹೋದನಂತೆ. ಅಕ್ಕ ಒಂದು ಮಾತು ಅಂದಳು: "ಬಾಯಿ ಮುಚ್ಕೊಂಡಿದ್ದಿದ್ರೆ ಮೂರು ಜನದ ಊಟ ನಡೀತಿತ್ತು." ಅದು ನಿಜವೇ. ಆ ಮಾತಿನಲ್ಲಿ ತೆಗೆದುಹಾಕುವಂಥದ್ದು ಏನೂ ಇಲ್ಲ. ಮರುವಾರ ಅವಳು ತನ್ನ ಬಟ್ಟೆಗಳನ್ನೂ ಆ ಚಿತ್ರಗಳ ಕಟ್ಟನ್ನೂ ತೆಗೆದುಕೊಂಡು ಊರಿನ ಇನ್ನೊಂದು ತುದಿಗೆ ಹೋದಳು.

ಉಳಿದದ್ದು ನನಗೆ ಗೊತ್ತಾದದ್ದು ಎರಡು ವರ್ಷಗಳ ಮೇಲೆ. ನಿವೃತ್ತಳಾಗಿ ನಾನು ದಿನಾ ಹೋಗುತ್ತಿದ್ದ ಗ್ರಂಥಾಲಯಕ್ಕೆ ಜೆರಾಕ್ಸ್ ರಿಪೇರಿಗೆಂದು ಅವಳು ಬಂದಿದ್ದಳು. ಎದೆಯ ಮೇಲೆ ಒಂದು ಸಂಸ್ಥೆಯ ಗುರುತಿನ ಚೀಟಿ ತೂಗುತ್ತಿತ್ತು. ನನ್ನನ್ನು ಗುರುತಿಸಿದಳು. ನಮಸ್ಕಾರ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಡ್ರಮ್ ಬಿಸಿಲಿಗಿಟ್ಟದ್ದನ್ನೂ ಅಕ್ಕನ ಮಾತನ್ನೂ ಅವಳು ಹೇಳಿದ್ದು ಆ ದಿನವೇ, ಕೈ ನಿಲ್ಲಿಸದೆ, ಯಾರೋ ಮೂರನೆಯವರ ವಿಷಯ ಹೇಳುವಂತೆ. ಈ ಕೆಲಸ ಹೇಗೆ ಸಿಕ್ಕಿತು ಎಂದು ಕೇಳಿದೆ.

ಸಂಸ್ಥೆಯ ಅರ್ಜಿಯಲ್ಲಿ 'ಅನುಭವ' ಎಂದಿದ್ದ ಕಡೆ 'ಇಲ್ಲ' ಎಂದು ಬರೆದಳಂತೆ. ಇದೆ ಎಂದರೆ ಎಲ್ಲಿ ಎಂದು ಕೇಳುತ್ತಾರೆ, ಎಲ್ಲಿ ಎಂದು ಹೇಳಿದರೆ ನಮ್ಮ ಕಚೇರಿಗೆ ಫೋನ್ ಮಾಡುತ್ತಾರೆ. ಆರು ತಿಂಗಳು ಕಲಿಯುವವಳೆಂದು ಇಟ್ಟುಕೊಂಡರು. ಅವಳಿಗಿಂತ ಹದಿನೈದು ವರ್ಷ ಚಿಕ್ಕವನೊಬ್ಬ ತರಬೇತಿ ಕೊಡುವವನು. ಮೊದಲ ದಿನ, ಹೆದರಬೇಡಿ, ಇದೇನೂ ಕಚ್ಚಲ್ಲ ಎಂದು ಹೇಳಿ, ಮುಂದಿನ ಬಾಗಿಲು ತೆಗೆಯುವುದು ಹೇಗೆಂದು ತೋರಿಸಿದ. ಅವನು ತೋರಿಸಿ ಮುಗಿಸುವವರೆಗೆ ಕಾದು, ನಿಧಾನವಾಗಿ ತೆಗೆದಳು. ಬೇಗ ಕಲೀತೀರಿ ಎಂದು ಅವನು ಅಚ್ಚರಿಪಟ್ಟ.

"ಅದು ಕೇಳಿ ಭಯ ಆಯ್ತು" ಎಂದಳು. "ಎಲ್ಲಿ ಕಲಿತ್ರಿ ಅಂತ ಕೇಳಿಬಿಟ್ರೆ? ಮಾರನೇ ದಿನ ಬೇಕು ಅಂತಲೇ ಒಂದು ಉದ್ದ ಸ್ಕ್ರೂ ತಗೊಂಡು ಗಿಡ್ಡ ಸ್ಕ್ರೂ ತೂತಿಗೆ ಹಾಕ್ದೆ. ಅವರು ತೆಗೆದು ಸರಿಯಾಗಿ ಹಾಕಿ ತೋರಿಸಿದ್ರು. ವಾರಕ್ಕೆ ಎರಡು ತಪ್ಪು ಅಂತ ಇಟ್ಕೊಂಡಿದ್ದೆ, ಆರು ತಿಂಗಳೂ."