ಭಂಡಾರದ ಕೆಳಗಿದ್ದ ಮುಖ

ಅವ್ವನಿಗೆ ತನ್ನ ಹಡೆದವ್ವನ ಮುಖ ನೆನಪಿಲ್ಲ. ಅವ್ವ ಎಳೆಗೂಸಿದ್ದಾಗಲೇ ಆಕೆ ತೀರಿಹೋದಳು. ಉಳಿದದ್ದು ರಟ್ಟಿನ ಚೌಕಟ್ಟಿನ ಒಂದು ಕಲರ್ ಸ್ಲೈಡ್, ಅಂದರೆ ಬೆಳಕಿಗೆ ಹಿಡಿದು ನೋಡುವ ಫಿಲ್ಮಿನ ತುಣುಕು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ದಡ್ಡಿ ಊರಿನ ಹತ್ತಿರ ಹೊಳೆದಂಡೆಯಲ್ಲಿ ಆಕೆ ಕುರಿ ಮೇಯಿಸುವಾಗ ಯಾರೋ ಸಾಹೇಬರು ತೆಗೆದು, ಮತ್ತೊಮ್ಮೆ ಬಂದಾಗ ಕೊಟ್ಟುಹೋದದ್ದು. ಹುಕ್ಕೇರಿಯ ನಮ್ಮ ಮನೆಯಲ್ಲಿ ಅದು ದೇವರ ಜಗಲಿಯ ಮೇಲಿತ್ತು. ಬೀರದೇವರಿಗೆ ಭಂಡಾರ ಹಚ್ಚುವಾಗಲೆಲ್ಲ ಅವ್ವ ಅದೇ ಅರಿಶಿನಪುಡಿಯನ್ನು ಸ್ಲೈಡಿಗೂ ಒಂದು ಚಿಟಿಕೆ ಹಚ್ಚುತ್ತಿದ್ದಳು.

ಈ ವರ್ಷ ಅವ್ವನ ಕಣ್ಣು ಮಂಜಾದವು. "ಕಣ್ಣು ಪೂರಾ ಹೋಗೂದ್ರಾಗ ನಮ್ಮವ್ವನ ಮಾರಿ ದೊಡ್ಡದಾಗಿ ಒಮ್ಮೆ ತೋರ್ಸೋ" ಎಂದಳು.

ಗೋಕಾಕದ ಒಂದು ಸ್ಟುಡಿಯೊಗೆ ಒಯ್ದೆ. ಪ್ರಿಂಟು ಬಂತು: ಹಳದಿ ಮೋಡ, ಅದರೊಳಗೆ ಗೋಣಿಚೀಲದಂಥ ಒಂದು ಆಕಾರ.

"ಹಳೇ ಫಿಲ್ಮ್ ರಿ, ಬಣ್ಣ ಹೋಗೇತಿ" ಎಂದ ಸ್ಟುಡಿಯೊದವ.

ನಾನು ಕುರಿ ವ್ಯಾಪಾರದಲ್ಲಿ ಮೇಲೆ ಬಂದವನು. ಹಲ್ಲು ನೋಡದೆ ಟಗರು ಕೊಂಡವನಲ್ಲ. ಸ್ಲೈಡನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದೆ. ಹಳದಿ ಚಿತ್ರದೊಳಗಿರಲಿಲ್ಲ, ಮೇಲೆ ಕೂತಿತ್ತು.

"ಬಣ್ಣ ಹೋಗಿಲ್ಲೋ ತಮ್ಮಾ, ನಮ್ಮವ್ವ ಭಂಡಾರ ಹಚ್ಯಾಳ!"

"ಫಿಲ್ಮಿಗೆ ಯಾರರ ಭಂಡಾರ ಹಚ್ತಾರೇನ್ರಿ ಕಾಕಾ? ಕಾಯಿನೂ ಒಡದಿದ್ರ ಮುಗೀತಿತ್ತು!"

"ನಗೂದು ಆಮ್ಯಾಲ, ಮೊದಲ ಸ್ವಚ್ಛ ಮಾಡು."

"ಭಂಡಾರದ ಕೂಡ ಮಾರೀನೂ ಹೋದ್ರ ನನ್ನ ಬೈಬ್ಯಾಡ್ರಿ ಮತ್ತ."

ಇದರ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ನೀರು ಮುಟ್ಟಿಸಬೇಡ ಎಂದೆ. ಮೊದಲು ಗಾಳಿ ಊದುವ ರಬ್ಬರ್ ಉಂಡೆ, ಆಮೇಲೆ ಫಿಲ್ಮ್ ಒರೆಸುವ ದ್ರಾವಣದಲ್ಲಿ ಅದ್ದಿದ ಹತ್ತಿ, ಅದೂ ಮೂಲೆಯಿಂದ. ಹಳದಿ ಬಿಟ್ಟಿತು, ಚಿತ್ರ ಉಳಿಯಿತು. ನಿಮ್ಮ ಮನೆಯಲ್ಲೂ ಸ್ಲೈಡ್ ಇದ್ದರೆ ಕೇಳಿ: ಮೊಬೈಲಿನಲ್ಲಿ ಹೊಡೆದು ಪ್ರಿಂಟು ಕೊಡುವವನ ಕಡೆ ಹೋಗಬೇಡಿ. ಹಿಂದಿನಿಂದ ಬೆಳಕು ಬಿಡುವ ಸ್ಕ್ಯಾನರ್ ಇದ್ದವನನ್ನು ಹುಡುಕಿ. ಮೊದಲು ಸಣ್ಣ ಪ್ರಿಂಟು ತೆಗೆಸಿ, ಸ್ಲೈಡನ್ನು ಬೆಳಕಿಗೆ ಹಿಡಿದು ಬಣ್ಣ ತಾಳೆ ನೋಡಿ, ಆಮೇಲೆ ದೊಡ್ಡದಕ್ಕೆ ಹೂಂ ಅನ್ನಿ.

ದೊಡ್ಡ ಪ್ರಿಂಟು ಕೈಗೆ ಬಂದಾಗ ಬಾಗಿಲ ಬೆಳಕಿಗೆ ಒಯ್ದು ನೋಡಿದೆ. ಹಸಿರು ಹೊಳೆ, ಕರಿ ಕಂಬಳಿಯ ಒಂದೊಂದು ಎಳೆ, ಬಿಸಿಲಿಗೆ ಕಿರಿದಾದ ಕಣ್ಣು. ಕಂಬಳಿಯ ಮಡಿಕೆಯಿಂದ ಹೊರಚಾಚಿದ, ಇಷ್ಟು ವರ್ಷ ಯಾರೂ ಕಾಣದ, ಒಂದು ಪುಟ್ಟ ಅಂಗಾಲು.

ಅವ್ವ ಪ್ರಿಂಟನ್ನು ಕಣ್ಣಿಗೆ ಹತ್ತಿರ ಹಿಡಿದು ಮೂಲೆಯಿಂದ ಮೂಲೆಗೆ ನೋಡಿದಳು.

"ಈ ಕಾಲು ಯಾರ್ದೋ?"

"ನಿಂದ ಬೇ. ನಿಮ್ಮವ್ವಗ ನೀ ಒಬ್ಬಾಕೇ ಅಲ್ಲೇನು?"

ಅಂಗಾಲನ್ನು ಬೆರಳಿನಿಂದ ಸವರಿದಳು. ಮರುಕ್ಷಣ ಆ ಕೈ ಭಂಡಾರದ ಬಟ್ಟಲಿಗೆ ಹೋಯಿತು.

"ತಡೀ ಬೇ, ಗಾಜು ಹಾಕಿಸ್ತೀನಿ!"

"ಲಗೂ ಹಾಕ್ಸು" ಎಂದಳು, ಚಿಟಿಕೆ ಹಿಡಿದೇ ಕೂತು.