ಗೋಧಿ ಗಂಜಿಯ ಗಡಿಗೆ

ಯುದ್ಧದ ಕಾಲದಲ್ಲಿ ಗಿರಣಿ ಕಾಗದ ಸಿಗದಂತಾದಾಗ ಆಳಂದದ ನಮ್ಮ ಮನೆಯ ಕೈಕಾಗದಕ್ಕೆ ಬೇಡಿಕೆ ಬಂತು. ಹರಕು ಗೋಣಿ, ರದ್ದಿ ಕೊಳೆಸಿ, ಕುಟ್ಟಿ, ಆ ತಿರುಳನ್ನು ಜರಡಿಯಲ್ಲಿ ಹಾಳೆಯಾಗಿ ಎತ್ತುವುದು ಗಂಡಸರ ಕೆಲಸ. ಒಣಗಿದ ಹಾಳೆಗೆ ಗಂಜಿ ಸವರಿ ನುಣುಪು ಕಲ್ಲಿನಿಂದ ತಿಕ್ಕುವವರು ನಾನು ಮತ್ತು ನನ್ನ ಮೈದುನನ ಹೆಂಡತಿ. ಗಂಜಿ ಸರಿಯಾಗಿ ಹಿಡಿಯದ ಹಾಳೆಯಲ್ಲಿ ಶಾಯಿ ಹಬ್ಬಿ ಅಕ್ಷರ ಕೆಡುತ್ತದೆ.

ಅವಳು ಅತನೂರಿನಿಂದ ಸೊಸೆಯಾಗಿ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಗಂಜಿ ಕಾಯಿಸುತ್ತಿದ್ದವಳು ನಾನು. ಆದರೂ ಜೇವರ್ಗಿ ಕಚೇರಿಗೆ ಕಾಗದ ಕೊಳ್ಳಲು ಬಂದ ಮುನ್ಷಿ ಇಬ್ಬರ ಹಾಳೆಗಳ ಮೇಲೂ ಬರೆದು ನೋಡಿ, "ಸಣ್ಣ ಸೊಸಿ ಮಾಡಿದ್ದೇ ಕಳಸ್ರಿ," ಎಂದು ಮಾವನಿಗೆ ಹೇಳಿದ. ಅಂದು ನನಗೆ ಊಟ ಸೇರಲಿಲ್ಲ.

ಮರುದಿನ ಅವಳು ನೀರಿಗೆ ಹೋದಾಗ ಅವಳ ಗಂಜಿಯ ಗಡಿಗೆಗೆ ಎರಡು ಚರಿಗೆ ನೀರು ಸುರಿದೆ. ಅದೇ ಗಂಜಿಯ ಹಾಳೆಗಳು ಜೇವರ್ಗಿಗೆ ಹೋಗಿ ಹಾಗೇ ತಿರುಗಿ ಬಂದವು. ಮಾವ ಅವಳನ್ನು ಎಲ್ಲರ ಮುಂದೆ ಬೈದು, ಗಂಜಿಯ ಕೆಲಸವನ್ನೆಲ್ಲ ನನಗೆ ಒಪ್ಪಿಸಿದರು.

ನನ್ನದು ಜೋಳದ ಹಿಟ್ಟಿನ ಗಂಜಿ. ಹಾಳೆಯ ಮೇಲೆ ತರಿತರಿಯಾಗುತ್ತಿತ್ತು. ಕೊನೆಗೆ ಅವಳನ್ನೇ ಕೇಳಬೇಕಾಯಿತು.

"ಗೋಧಿ ನೆನಿಹಾಕಿ ರುಬ್ಬಿ ಸೋಸಬೇಕ್ರಿ ಅಕ್ಕಾ. ತಳದಾಗ ಬೆಳ್ಳಗ ಕುಂತದ್ದಷ್ಟೇ ಕಾಯಿಸ್ರಿ. ಹುಳ ಹತ್ತಬಾರದಂದ್ರ ಚಿಟಿಕಿ ಮೈಲುತುತ್ತ ಹಾಕ್ರಿ," ಎಂದಳು. ಪಕ್ಕದಲ್ಲಿ ಕೂತು ತೋರಿಸಿಯೂ ಕೊಟ್ಟಳು. ಇಷ್ಟು ಸಲೀಸಾಗಿ ಹೇಳಿಕೊಡುತ್ತಾಳಲ್ಲ ಎಂದು ಹೊಟ್ಟೆ ಇನ್ನೂ ಉರಿಯಿತು.

ಅವಳು ಹೆರಿಗೆಗೆ ತವರಿಗೆ ಹೋದಳು. ನಾನೊಬ್ಬಳೇ ಮಾಡಿದ ಹಾಳೆಗಳನ್ನು ಮುನ್ಷಿ ಬೆಳಕಿಗೆ ಹಿಡಿದು, "ಹಾಂ, ಇದು ಸಣ್ಣ ಸೊಸಿ ಕೈ," ಎಂದ. ಮಾವ ತಲೆಯಾಡಿಸಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಕೂಸನ್ನೆತ್ತಿಕೊಂಡು ಬಂದ ಅವಳು, "ನನ್ನ ಗಂಜಿ ಅವತ್ತ್ಯಾಕ ಕೆಟ್ಟಿತೋ, ಈಗೂ ತಿಳಿವಲ್ದು ಅಕ್ಕಾ," ಎಂದಾಗ ನನಗೆ ತಡೆಯಲಾಗಲಿಲ್ಲ.

"ನಾನೇ ನೀರು ಹಾಕಿದ್ದೆ ಬೇ."

ಅವಳು ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟು, ಒಲೆಯ ಬಳಿಯಿಂದ ಗಡಿಗೆ ಎತ್ತಿಕೊಂಡಳು.

"ಇನ್ನ ಮ್ಯಾಲ ಇದನ್ನ ಮುಟ್ಟಬ್ಯಾಡ್ರಿ."

ಮುಟ್ಟಲಿಲ್ಲ. ಆ ಮನೆಯಲ್ಲಿ ಕಾಗದದ ಕೆಲಸ ನಿಲ್ಲುವವರೆಗೂ ಅವಳು ಗಂಜಿ ಸವರಿದಳು, ನಾನು ಕಲ್ಲಿನಿಂದ ತಿಕ್ಕಿದೆ.